ವಿಷಯ: ಮೂಲೆಗೆ ಸರಿಸಿದ ಕುರ್ಚಿ

ಪ್ರೀತಿಯ ದೊಡ್ಡಪ್ಪನಿಗೆ ನಮಸ್ಕಾರಗಳು,

ಇದನ್ನು ಬರೆಯುತ್ತಿರುವವಳು ನಿಮ್ಮ ತಮ್ಮನ ಮಗಳು. ಮನೆಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಾಳೆಂದು ನೀವು ಗೋಡೆಹಲ್ಲಿ ಎಂದು ಹೆಸರಿಟ್ಟಿದ್ದಿರಲ್ಲ, ಅವಳೇ. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಹನ್ನೆರಡು ವರ್ಷ. ಈಗ ಇಪ್ಪತ್ತಮೂರು. ಸಾಹಿತ್ಯದಲ್ಲಿ ಪದವಿ ಮುಗಿಸಿದ್ದೇನೆ. ಗೋಡೆಯ ಚಾಳಿ ಮಾತ್ರ ಹೋಗಿಲ್ಲ.

ನಿಮ್ಮ ಇಮೇಲ್ ವಿಳಾಸ ಸಿಕ್ಕಿದ್ದು ನಿಮ್ಮ ಅಂಗಡಿಯ ಬೋರ್ಡಿನ ಮೇಲೆ, ಫೋನ್ ನಂಬರಿನ ಕೆಳಗೆ ಸಣ್ಣಕ್ಷರದಲ್ಲಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಎರಡನೇ ಮಾತಿಗೇ ನನ್ನ ಧ್ವನಿ ಒಳಗೆ ಹೋಗಿಬಿಡುತ್ತದೆ, ಆ ಕಡೆಯವರು "ಹಲೋ, ಹಲೋ" ಎಂದು ಕೂಗಿ ಇಟ್ಟುಬಿಡುತ್ತಾರೆ. ಈ ಮೇಲನ್ನು ಮೊದಲು ತೆರೆಯುವವರು ದೊಡ್ಡಪ್ಪ ಅಲ್ಲದೆ ಬೇರೆ ಯಾರಾದರೂ ಆಗಿದ್ದರೆ, ದಯವಿಟ್ಟು ಪ್ರಿಂಟ್ ತೆಗೆದು ಅವರ ಸ್ಟೂಲಿನ ಮೇಲೆ ಇಡಿ. ಕಣ್ಣಿಗೆ ಬೀಳದೆ ಇರುವುದಿಲ್ಲ. ಕೂರುವ ಮುಂಚೆ ಅವರು ಸ್ಟೂಲನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ. ಅದು ನನಗೆ ಹೇಗೆ ಗೊತ್ತೆಂದು ಆಮೇಲೆ ಹೇಳುತ್ತೇನೆ.

ಪರಿಚಯವಿಲ್ಲದವರಿಗೆ ಪತ್ರ ಬರೆಯುವುದು ಐದು ತಿಂಗಳಿಂದ ನನ್ನ ಕೆಲಸ. ನಮ್ಮ ಕುಶನ್ ವರ್ಕ್‌ಶಾಪಿಗೆ ಕೆಲಸ ಕೊಡಿ ಎಂದು ಊರಿನ ಕಚೇರಿಗಳಿಗೆ, ಆಸ್ಪತ್ರೆಗಳಿಗೆ, ಲಾಡ್ಜುಗಳಿಗೆ ಬರೆಯುತ್ತೇನೆ. ಅವರು ನನ್ನನ್ನು ಕೇಳಿಲ್ಲ, ನನ್ನ ಹೆಸರೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವರ ಮೇಲ್ ಡಬ್ಬಿಯಲ್ಲಿ ನನ್ನ ಪತ್ರ ಹೋಗಿ ಕೂತಿರುತ್ತದೆ. ಕರೆಯದ ಮನೆಗೆ ಊಟದ ಹೊತ್ತಿಗೆ ಹೋದ ಹಾಗೆ. ನನ್ನಂಥವಳಿಗೆ ಇದಕ್ಕಿಂತ ಕಷ್ಟದ ಕೆಲಸ ಇರಲಿಕ್ಕಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಇದು ಶುರುವಾದದ್ದು ಹೀಗೆ. ನೀವು ವರ್ಕ್‌ಶಾಪ್ ಬಿಟ್ಟು ಹೋದ ವರ್ಷ ಅಪ್ಪ ಒಪ್ಪಿಕೊಂಡ ಶೋರೂಮಿನ ಕೆಲಸ ಹತ್ತು ವರ್ಷ ನಡೆಯಿತು. ಸ್ಪಂಜು ಕತ್ತರಿಸುವುದು, ಅಂಟು ಹಚ್ಚುವುದು, ರೆಕ್ಸಿನ್ ಎಳೆದು ಪಿನ್ನು ಹೊಡೆಯುವುದು. ದಿನಕ್ಕೆ ನಲವತ್ತು ಸೀಟು. ಕಳೆದ ವರ್ಷ ಅವರಿಗೆ ಎಲ್ಲಿಂದಲೋ ಸಿದ್ಧ ಕುರ್ಚಿಗಳೇ ಬರಲು ಶುರುವಾದವು, ನಮ್ಮ ಕೆಲಸ ನಿಂತಿತು. ಜಗಳವಾಗಲಿಲ್ಲ, ಮಾತೂ ಆಗಲಿಲ್ಲ. ಸೋಮವಾರ ಬರಬೇಕಾದ ಗಾಡಿ ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ.

ವರ್ಕ್‌ಶಾಪಿನಲ್ಲಿ ಈಗ ಇರುವವರು ಅಪ್ಪ, ಸೂಜಿ ಅಕ್ಕ, ನಾನು. ಸೂಜಿ ಅಕ್ಕ ನಿಮಗೆ ನೆನಪಿರಬೇಕು, ನೀವಿದ್ದಾಗಲೇ ಕವರು ಹೊಲಿಯಲು ಸೇರಿದವರು. ಈಗಲೂ ಎರಡು ಸೂಜಿ ರವಿಕೆಗೆ ಸಿಕ್ಕಿಸಿಕೊಂಡು, ಮೂರನೆಯದನ್ನು ಊರೆಲ್ಲ ಹುಡುಕುತ್ತಾರೆ. ಈ ತಿಂಗಳ ಕೊನೆಯೊಳಗೆ ವರ್ಷವಿಡೀ ನಡೆಯುವಂಥ ಒಂದು ಕೆಲಸ ಸಿಗದಿದ್ದರೆ ದೊಡ್ಡ ಹೊಲಿಗೆ ಯಂತ್ರ ಮಾರಿ ಬಾಗಿಲು ಹಾಕುವುದು, ತಾನು ಯಾವುದಾದರೂ ಗೋದಾಮಿನಲ್ಲಿ ಮೇಸ್ತ್ರಿಯಾಗುವುದು ಎಂದು ಅಪ್ಪ ತೀರ್ಮಾನಿಸಿದ್ದಾರೆ. ಯಂತ್ರ ಕೊಳ್ಳುವವನು ಬಂದು ನೋಡಿಯೂ ಆಯಿತು. ಯಂತ್ರಕ್ಕಿಂತ ಹೆಚ್ಚು ಹೊತ್ತು ಬಾಗಿಲಿನ ಅಗಲ ಅಳೆದ. ಸೂಜಿ ಅಕ್ಕನಿಗೆ ಗೋದಾಮಿನಲ್ಲಿ ಕೆಲಸವಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಎಲ್ಲರಿಗೂ ಗೊತ್ತು.

ನಾನು ಆಗ ಮೂರು ಸಂದರ್ಶನಗಳಲ್ಲಿ ಬಾಯಿ ತೆರೆಯದೆ ಮನೆಗೆ ಮರಳಿದ್ದೆ. ಅಪ್ಪ ಹೇಳಿದರು, "ಮಾತಾಡೋಕೆ ಬರಲ್ಲ, ಆದ್ರೆ ಬರೆಯೋಕೆ ಬರುತ್ತಲ್ಲ. ಬರಿ. ಕೂತು ಊರಿಗೆಲ್ಲ ಬರಿ."

ಮೊದಲು ಎಲ್ಲರೂ ಮಾಡುವ ಹಾಗೇ ಮಾಡಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಮಾದರಿ ಪತ್ರ ತೆಗೆದುಕೊಂಡು, ಹೆಸರಿನ ಜಾಗ ಬದಲಿಸುತ್ತಾ ನೂರಿಪ್ಪತ್ತು ಜನರಿಗೆ ಕಳಿಸಿದೆ. "ತಮ್ಮ ಸಂಸ್ಥೆಯ ಆಸನ ವ್ಯವಸ್ಥೆಯನ್ನು ಮುಂದಿನ ಹಂತಕ್ಕೆ ಒಯ್ಯಲು ಉತ್ಸುಕರಾಗಿದ್ದೇವೆ" ಎಂದಿತ್ತು ಅದರಲ್ಲಿ. ಸೂಜಿ ಅಕ್ಕನಿಗೆ ಓದಿ ಹೇಳಿದಾಗ, "ಒಯ್ಯೋದೆಲ್ಲಿಗೆ? ಕುರ್ಚಿ ಇದ್ದಲ್ಲೇ ಇರ್ಲಿ ಅಂತ ತಾನೆ ಅವರು ತಗೊಂಡಿರೋದು" ಎಂದರು. ಉತ್ತರ ಬಂದದ್ದು ಮೂರು. ಇಬ್ಬರು ಇನ್ನು ಮುಂದೆ ಬರೆಯಬೇಡಿ ಎಂದಿದ್ದರು. ಮೂರನೆಯದು ಯಾರೋ ರಜೆಯಲ್ಲಿದ್ದಾರೆಂದು ಕಂಪ್ಯೂಟರ್ ತಾನಾಗಿ ಕಳಿಸಿದ ಉತ್ತರ. ನಾನು ಮತ್ತೆ ಬರೆದಾಗಲೂ ಅವರು ರಜೆಯಲ್ಲೇ ಇದ್ದರು. ಅಷ್ಟು ಜನರಲ್ಲಿ ನನಗೆ ಆಪ್ತರೆನಿಸಿದ್ದು ಅವರೊಬ್ಬರೇ.

ಆಮೇಲೆ ನನಗೆ ಹಲ್ಲುನೋವು ಬಂತು. ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ಒಂದು ಗಂಟೆ ಕೂತಿದ್ದೆ. ಅಲ್ಲಿದ್ದದ್ದು ಐದು ಕುರ್ಚಿ. ಕಿಟಕಿ ಪಕ್ಕದ್ದು ಹರಿದಿತ್ತು, ಕಂದು ಟೇಪು ಹಾಕಿದ್ದರು, ಟೇಪಿನ ಅಂಚು ಮೇಲೆದ್ದು, ಬಂದವರ ಬಟ್ಟೆಗೆಲ್ಲ ಅಂಟುತ್ತಿತ್ತು. ಒಬ್ಬ ಹೆಂಗಸು ಎದ್ದಾಗ ಕುರ್ಚಿಯೂ ನಾಲ್ಕು ಬೆರಳು ಅವರ ಜೊತೆಗೇ ಹೊರಟಿತು. ನಾನು ಹಲ್ಲು ಕೀಳಿಸಿಕೊಂಡು, ಒಂದು ಮಾತೂ ಆಡದೆ ಮನೆಗೆ ಬಂದು, ಹತ್ತಿ ಕಚ್ಚಿಕೊಂಡೇ ಡಾಕ್ಟರಿಗೆ ಮೇಲ್ ಬರೆದೆ. ಕಂಡದ್ದನ್ನಷ್ಟೇ ಬರೆದೆ. ಆ ಟೇಪಿನ ವಿಷಯ, ಆ ಹೆಂಗಸಿನ ವಿಷಯ, ಇದನ್ನು ಸರಿಮಾಡುವುದು ನಮ್ಮ ಕೆಲಸ ಎಂಬುದು, ಬೇಕೇ ಎಂಬ ಪ್ರಶ್ನೆ. ಒಂದು ಗಂಟೆಯೊಳಗೆ ಉತ್ತರ ಬಂತು: "ನೀವು ಬಾಯಿ ತೆರೆದದ್ದು ಹಲ್ಲು ತೋರಿಸುವುದಕ್ಕೆ ಮಾತ್ರ. ಇಷ್ಟು ಮಾತು ಆಗ ಎಲ್ಲಿಟ್ಟುಕೊಂಡಿದ್ದಿರಿ? ಐದನ್ನೂ ತೆಗೆದುಕೊಂಡು ಹೋಗಿ."

ಅಂದಿನಿಂದ ನಾನು ನೋಡದೆ ಬರೆಯುವುದಿಲ್ಲ. ದಿನಕ್ಕೆ ಮೂರು ಕಡೆ ಹೋಗುತ್ತೇನೆ, ಯಾರಿಗೋ ಕಾಯುವವಳ ಹಾಗೆ ಕೂರುತ್ತೇನೆ, ಬಂದು ಮೂರು ಪತ್ರ ಬರೆಯುತ್ತೇನೆ. ಇಷ್ಟು ವರ್ಷ ಗೋಡೆಗೆ ಅಂಟಿಕೊಂಡು ಕಲಿತ ವಿದ್ಯೆ ಇದೊಂದೇ ದೊಡ್ಡಪ್ಪ: ಯಾರ ಗಮನಕ್ಕೂ ಬಾರದೆ ಎಲ್ಲವನ್ನೂ ನೋಡುವುದು. ಪತ್ರದಲ್ಲಿ ನಾನು ಕಂಡ ಒಂದು ನಿಜವಾದ ಸಂಗತಿ ಇರಬೇಕು. ಒಂದೇ ಒಂದು ಕೋರಿಕೆ ಇರಬೇಕು. ಬೇಡ ಎನ್ನುವುದು ಅವರಿಗೆ ಸುಲಭವಾಗಬೇಕು. ಬೇಡವಾದರೆ 'ಬೇಡ' ಎಂಬ ಒಂದು ಪದ ಸಾಕು, ಮತ್ತೆ ಬರೆಯುವುದಿಲ್ಲ ಎಂದು ಕೊನೆಗೆ ಸೇರಿಸುತ್ತೇನೆ. ಉತ್ತರವೇ ಬರದಿದ್ದರೆ ಎಂಟನೇ ದಿನ ನೆನಪು ಮಾಡಿ ಇನ್ನೊಂದು, ಅಷ್ಟೆ. ಹಾಗೆ ಬರೆದ ನೂರಾ ಎಂಟು ಪತ್ರಗಳಿಗೆ ಹತ್ತೊಂಬತ್ತು ಉತ್ತರ ಬಂದಿವೆ. ಹನ್ನೊಂದು ಜನ 'ಬೇಡ' ಎಂದು ಬರೆದರು. ಅದೂ ನನಗೆ ಸಂತೋಷವೇ. ಬಾಗಿಲು ತೆರೆದು ಬೇಡ ಎಂದಂತಾಯಿತು. ಉಳಿದವರು ಕೊಟ್ಟದ್ದು ಸಣ್ಣಪುಟ್ಟ ಕೆಲಸ. ಕ್ಷೌರದಂಗಡಿಯ ಎರಡು ಕುರ್ಚಿ, ವಕೀಲರೊಬ್ಬರ ಸೋಫಾ, ಹಾಗೆ. ಒಂದು ವಾರಕ್ಕೆ ಆಗುತ್ತದೆ, ವರ್ಷಕ್ಕೆ ಆಗುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ರೈಲು ನಿಲ್ದಾಣದ ಹತ್ತಿರ ಒಂದು ಹಳೆಯ ಲಾಡ್ಜಿದೆ. ಅದರ ಹೊರ ಹಜಾರದಲ್ಲಿ ಮೂವತ್ತಾರು ಕುರ್ಚಿ. ಕಳೆದ ತಿಂಗಳು ಅಲ್ಲಿ ಹೋಗಿ, ಮೂಲೆಯಲ್ಲಿ ಹೂಕುಂಡದ ಹಿಂದಿದ್ದ ಕುರ್ಚಿಯಲ್ಲಿ ಕೂತೆ. ಯಾರ ಕಣ್ಣಿಗೂ ಬೀಳದ ಜಾಗವೆಂದು ಆರಿಸಿಕೊಂಡದ್ದು. ಕೂತರೆ ಸೀಟು ಒಳಗೆ ಇಳಿದು ಮೊಣಕಾಲು ಗಲ್ಲದ ಹತ್ತಿರ ಬಂತು. ಕೌಂಟರಿನಲ್ಲಿದ್ದವರು ನೀರು ತಂದುಕೊಟ್ಟು, ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದರು. ಅಣ್ಣನಿಗೆ ಎಂದೆ. ನನಗೆ ಅಣ್ಣ ಇಲ್ಲವೆಂದು ನಿಮಗೆ ಗೊತ್ತು. ಅವರಿಗೆ ಪಾಪ ಗೊತ್ತಿರಲಿಲ್ಲ, ಅರ್ಧ ಗಂಟೆಯ ಮೇಲೆ ನನ್ನ ಅಣ್ಣನ ಬಗ್ಗೆ ಅವರೇ ಚಿಂತೆ ಮಾಡತೊಡಗಿದರು. ಎದ್ದು ಬಂದೆ.

ಲಾಡ್ಜಿನ ಮ್ಯಾನೇಜರ್ ಒಬ್ಬ ಮಹಿಳೆ. ಅವರಿಗೆ ಬರೆದ ಪತ್ರದ ವಿಷಯದ ಸಾಲಿನಲ್ಲಿ 'ಹೂಕುಂಡದ ಹಿಂದಿನ ಕುರ್ಚಿ' ಎಂದು ಹಾಕಿದೆ. ಉಳಿದದ್ದೆಲ್ಲ ಕಂಡದ್ದೇ. ಕೊನೆಯಲ್ಲಿ ಮಾತ್ರ, ಕೇಳಲು ಚೆನ್ನಾಗಿರುತ್ತದೆಂದು, ಕಾಣದ್ದರ ಬಗ್ಗೆ ಒಂದು ವಾಕ್ಯ ಬರೆದುಬಿಟ್ಟೆ: "ಮೊದಲು ಹೇಗಿತ್ತೋ ಹಾಗೆಯೇ ಮಾಡಿಕೊಡುತ್ತೇವೆ." ಸಾಹಿತ್ಯ ಓದಿದವರು ಮಾಡುವ ತಪ್ಪು ಇದು. ವಾಕ್ಯ ಚೆನ್ನಾಗಿ ಕೂತಿತೆಂದು ಕೆಲಸದ ಮಾತು ಕೊಟ್ಟುಬಿಡುತ್ತೇವೆ. ಒಳಗೆ ಏನಿದೆಯೆಂದು ನಾನು ನೋಡಿರಲಿಲ್ಲ. ಸ್ಪಂಜು ಇರುತ್ತದೆ, ಇನ್ನೇನಿರುತ್ತದೆ ಎಂದುಕೊಂಡಿದ್ದೆ.

ಅವರ ಉತ್ತರ ಬಂತು: "ಅಲ್ಲಿ ಯಾರೂ ಕೂರದಿರಲಿ ಎಂದೇ ಅದನ್ನು ಹೂಕುಂಡದ ಹಿಂದೆ ಸರಿಸಿದ್ದೆವು. ನೀವು ಹೋಗಿ ಕೂತಿದ್ದೀರಿ. ಅದೊಂದನ್ನು ಮಾಡಿ ತೋರಿಸಿ. ಒಪ್ಪಿಗೆಯಾದರೆ ಮೂವತ್ತಾರೂ ನಿಮಗೆ, ಮೇಲಿನ ಮೂರು ಮಹಡಿಯ ಕುರ್ಚಿಗಳೂ ವರ್ಷವಿಡೀ ಸರದಿಯಲ್ಲಿ. ಮೊದಲಿನಂತೆ ಎಂದಿದ್ದೀರಿ, ನೆನಪಿರಲಿ."

ಕುರ್ಚಿ ಬಂತು. ಅಪ್ಪ ಅದನ್ನು ಬೆಂಚಿನ ಮೇಲೆ ತಲೆಕೆಳಗಾಗಿ ಇಟ್ಟರು. ಇಟ್ಟವರು ಸ್ವಲ್ಪ ಹೊತ್ತು ಕಾಲುಗಳನ್ನೇ ನೋಡುತ್ತಾ ನಿಂತರು. ಕೆಳಗಿನ ಬಟ್ಟೆ ಬಿಚ್ಚಿದಾಗ ಒಳಗಿದ್ದದ್ದು ಸ್ಪ್ರಿಂಗುಗಳು, ಒಂಬತ್ತು. ಕಟ್ಟಿದ್ದ ಹುರಿ ಕೊಳೆತು ಅಲ್ಲಲ್ಲಿ ಬಿಟ್ಟಿತ್ತು. ಸ್ಪ್ರಿಂಗು ಕೂರಿಸಿದ ಬಟ್ಟೆಪಟ್ಟಿಯ ಸಂದಿಯಲ್ಲಿ ಮಡಚಿದ ಒಂದು ಚೀಟಿ. ಆಗ ನನಗೆ ನೆನಪಾಯಿತು. ನೀವಿದ್ದಾಗ ನಮ್ಮಲ್ಲಿ ಆ ಪದ್ಧತಿ ಇತ್ತು. ಸೀಟು ಮುಚ್ಚುವ ಮುಂಚೆ ಯಾರ ಕೈಯ ಕೆಲಸವೆಂದು ಬರೆದು ಒಳಗೆ ಇಡುವುದು, ನಾಳೆ ದೂರು ಬಂದರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ ಎಂದು. ಆ ಕುರ್ಚಿಗಳನ್ನು ನೀವೂ ಅಪ್ಪನೂ ಯಾವುದೋ ಪೀಠೋಪಕರಣದ ಅಂಗಡಿಗೆ ಮಾಡಿಕೊಟ್ಟಿದ್ದಿರಂತೆ. ಅಲ್ಲಿಂದ ಅವು ಎಲ್ಲಿಗೆ ಹೋದವೆಂದು ಅಪ್ಪನಿಗೆ ತಿಳಿದಿರಲಿಲ್ಲ.

ಚೀಟಿಯನ್ನು ಬಿಡಿಸಿ ಓದಿದವರು ಸೂಜಿ ಅಕ್ಕ. ನಾನು ಹುಟ್ಟಿದ ವರ್ಷದ ತಾರೀಖು. ಕೆಳಗೆ ನಿಮ್ಮ ಅಕ್ಷರದಲ್ಲಿ: "ಸ್ಪ್ರಿಂಗ್ ಒಂಬತ್ತು, ಒಂದೊಂದಕ್ಕೆ ಎಂಟು ಗಂಟು, ನನ್ನ ಕೈ. ಕಾಲು ತಮ್ಮ ಕೊಯ್ದದ್ದು, ಅವಸರದಲ್ಲಿ. ಆಡಿದರೆ ನನ್ನನ್ನು ಕೇಳಬೇಡಿ."

ಸೂಜಿ ಅಕ್ಕ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡರು. ಅಪ್ಪ ನಗಲಿಲ್ಲ. ಕುರ್ಚಿಯನ್ನು ನೆಲದ ಮೇಲೆ ನೇರ ನಿಲ್ಲಿಸಿ, ನಾಲ್ಕು ಮೂಲೆಯಲ್ಲೂ ಒತ್ತಿ ಅಲ್ಲಾಡಿಸಿದರು. ಅದು ಮಿಸುಕಲಿಲ್ಲ. ಮತ್ತೆ ಒತ್ತಿದರು. ಆಮೇಲೆ ಚಹಾ ಕುಡಿಯಲು ಹೊರಗೆ ಹೋದರು.

ಮುಂದಿನ ಮೂರು ದಿನ ಅಪ್ಪ ಸ್ಪ್ರಿಂಗು ಕಟ್ಟಿದರು. ನೀವು ಕಟ್ಟುವುದನ್ನು ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದವರು, ಆದರೆ ಕೈಗೆ ಬರಲಿಲ್ಲ. ಮುಂದಿನ ಸಾಲು ಬಿಗಿಯಾದರೆ ಹಿಂದಿನದು ಎದ್ದು ನಿಲ್ಲುತ್ತಿತ್ತು. ಮೂರನೇ ದಿನ ಸೂಜಿ ಅಕ್ಕ ಕೂತು ನೋಡಿ ತೀರ್ಪು ಕೊಟ್ಟರು: "ಯಜಮಾನ್ರೆ, ಇದರಲ್ಲಿ ಕೂತೋರು ರೂಮು ಕೇಳೋ ಮುಂಚೆನೇ ಬಾಗಿಲಿಂದ ಆಚೆ ಇರ್ತಾರೆ." ಅಪ್ಪ ಸ್ಪಂಜಿನ ಹಾಳೆ ತೆಗೆದು ಬೆಂಚಿನ ಮೇಲೆ ಹಾಸಿದರು. ಇದನ್ನು ಹಾಕಿ ಮುಚ್ಚಿದರೆ ಮೇಲಿನಿಂದ ಯಾರಿಗೆ ಕಾಣುತ್ತದೆ ಎಂದರು. ಕತ್ತರಿ ಅವರ ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು, ಹಾಳೆಯನ್ನು ಸುತ್ತಿ ಮತ್ತೆ ಮೇಲಿಟ್ಟರು.

ಅಂದು ಸಂಜೆ ನಾನು ಮ್ಯಾನೇಜರಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಮೊದಲಿನಂತೆ ಎಂದು ಬರೆದದ್ದು ನೋಡದೆ ಬರೆದ ಮಾತು. ಒಳಗಿರುವ ಕೆಲಸ ನಮ್ಮಲ್ಲಿ ಈಗ ಯಾರಿಗೂ ಬರುವುದಿಲ್ಲ. ಬರುವವರು ಒಬ್ಬರಿದ್ದಾರೆ, ಆ ಕುರ್ಚಿಯನ್ನು ಮಾಡಿದವರೇ ಅವರು, ನನ್ನ ದೊಡ್ಡಪ್ಪ. ಅವರು ನಮ್ಮ ಜೊತೆ ಇಲ್ಲ, ಕೇಳಿ ನೋಡಲು ಸಮಯ ಬೇಕು. ಇದು ಹೋಯಿತು ಎಂದುಕೊಂಡೇ ಕಳಿಸಿದೆ. ಉತ್ತರ ಬೆಳಿಗ್ಗೆ ಬಂತು: "ಕೆಲಸ ಕೇಳಿಕೊಂಡು ದಿನಕ್ಕೆ ಹತ್ತು ಮೇಲ್ ಬರುತ್ತವೆ. ನಮ್ಮಿಂದ ಆಗುವುದಿಲ್ಲ ಎಂದದ್ದು ಇದೊಂದೇ. ಹದಿನೈದು ದಿನ ಕಾಯುತ್ತೇನೆ." ಅದರಲ್ಲಿ ಐದು ದಿನ ಕಳೆದಿದೆ. ಹದಿನೈದನೇ ದಿನದ ಮಾರನೆಯ ದಿನವೇ ತಿಂಗಳು ಮುಗಿಯುತ್ತದೆ.

ಈಗ ನಿಮಗೆ ನನ್ನ ತಪ್ಪೊಪ್ಪಿಗೆ. ನೋಡದೆ ಬರೆಯುವುದಿಲ್ಲ ಎಂದೆನಲ್ಲ, ನಿಮ್ಮನ್ನೂ ನೋಡಲು ಬಂದಿದ್ದೆ. ಮೊನ್ನೆ ಮಂಗಳವಾರ, ಮಧ್ಯಾಹ್ನ ಮೂರು ಗಂಟೆಯ ಬಸ್ಸಿಗೆ. ಅಪ್ಪನಿಗೆ ವಕೀಲರ ಸೋಫಾದ ಬಟ್ಟೆ ತರಲು ಹೋಗುತ್ತೇನೆಂದು ಹೇಳಿದ್ದೆ. ನಿಮ್ಮ ಅಂಗಡಿಯ ಎದುರಿನ ಬಸ್ ತಂಗುದಾಣದಲ್ಲಿ ನಲವತ್ತು ನಿಮಿಷ ನಿಂತೆ. ಅಂಗಡಿಯ ಮುಂದೆ ಕೆಂಪು, ನೀಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು. ನೀವು ತೆಳ್ಳಗಾಗಿದ್ದೀರಿ. ಕನ್ನಡಕ ಬಂದಿದೆ. ಒಬ್ಬ ಹೆಂಗಸು ಬಂದು ನೀಲಿ ಕುರ್ಚಿ ಕೇಳಿದರು. ನೀವು ಒಂದನ್ನು ತೆಗೆದು ಕೆಳಗಿಟ್ಟು, ಕೊಡುವ ಮುಂಚೆ ಸೀಟಿನ ಮೇಲೆ ಅಂಗೈ ಇಟ್ಟು ಒತ್ತಿದಿರಿ. ಪ್ಲಾಸ್ಟಿಕ್ ತಾನೆ, ಅದು ಕೆಳಗೆ ಹೋಗಲೂ ಇಲ್ಲ, ಮೇಲೆ ಬರಲೂ ಇಲ್ಲ. ನೀವು ಕೈ ತೆಗೆದು ಒಂದು ಕ್ಷಣ ಕೈಯನ್ನೇ ನೋಡಿಕೊಂಡಿರಿ. ಆ ಹೆಂಗಸಿಗೆ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಹೋಗಿ ನಿಮ್ಮ ಸ್ಟೂಲಿನ ಮೇಲೂ ಹಾಗೇ ಒತ್ತಿ, ಅದು ಮೇಲೆದ್ದ ಮೇಲೆ ಕೂತಿರಿ. ಅದು ಮಾತ್ರ ನಿಮ್ಮದೇ ಕೈಯದಿರಬೇಕು. ಅಪ್ಪನೂ ಕೂರುವ ಮುಂಚೆ ಹಾಗೇ ಒತ್ತುತ್ತಾರೆ. ನಮ್ಮ ಊಟದ ಕುರ್ಚಿ ಮರದ್ದು, ಅದನ್ನೂ ಬಿಡುವುದಿಲ್ಲ.

ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಮೂರು ಸಲ ಅಂಚಿನವರೆಗೆ ಬಂದೆ. ಏನು ಹೇಳಬೇಕೆಂದು ಎಲ್ಲ ಸಿದ್ಧಮಾಡಿಕೊಂಡಿದ್ದೆ, ಬಾಯಿಗೆ ಬಂದದ್ದು ಬಸ್ಸಿನ ಹೊಗೆ ಮಾತ್ರ. ವಾಪಸ್ ಬಸ್ಸು ಹತ್ತಿದೆ. ಸೋಫಾದ ಬಟ್ಟೆ ಎಲ್ಲಿ ಎಂದು ಅಪ್ಪ ಕೇಳಿದಾಗ, ಬಣ್ಣ ಸಿಗಲಿಲ್ಲ ಎಂದೆ.

ನೀವೂ ಅಪ್ಪನೂ ಜಗಳವಾಡಿದ ಆ ದಿನ ನಾನು ರೆಕ್ಸಿನ್ ಸುರುಳಿಗಳ ಹಿಂದೆ ಇದ್ದೆ. ನಿಮಗಿಬ್ಬರಿಗೂ ಅದು ಗೊತ್ತಿಲ್ಲ. ಸ್ಪಂಜು ತುಂಬಿ ಅಂಟು ಹಚ್ಚೋದಕ್ಕೆ ನನ್ನ ಕೈ ಯಾಕೆ ಬೇಕು ಎಂದು ನೀವು ಕೇಳಿದಿರಿ. ಅಪ್ಪ ಅಂದರು, "ನಿನ್ನ ಕೈ ಬೇಡ ಅಣ್ಣ. ಬೇಗ ಆಗೋ ಕೈ ಬೇಕು." ನೀವು ಹುರಿಯ ಉಂಡೆಯನ್ನು ಕೆಳಗಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟಿರಿ. ನಾನು ಹೊರಗೆ ಬಂದು ದೊಡ್ಡಪ್ಪ ಎಂದು ಕೂಗಿದ್ದರೆ ನೀವು ನಿಲ್ಲುತ್ತಿದ್ದಿರೋ ಏನೋ. ಕೂಗಲಿಲ್ಲ. ಹನ್ನೆರಡು ವರ್ಷದವಳ ಮೇಲೆ ಅದನ್ನು ಹೊರಿಸುವುದು ಅನ್ಯಾಯವೆಂದು ಗೊತ್ತು, ಆದರೂ ಆ ಸುರುಳಿಗಳ ವಾಸನೆ ಬಂದಾಗಲೆಲ್ಲ ನೆನಪಾಗುತ್ತದೆ.

ನಿಮಗೆ ಬರೆಯುತ್ತೇನೆಂದು ನಿನ್ನೆ ಅಪ್ಪನಿಗೆ ಹೇಳಿದೆ. ಕತ್ತರಿಗೆ ಎಣ್ಣೆ ಹಾಕುತ್ತಿದ್ದರು. ನಾನು ಬಾಗಿಲವರೆಗೆ ಹೋದಾಗ ಹಿಂದಿನಿಂದ ಹೇಳಿದರು, "ಆ ಕಾಲು ಇವತ್ತಿಗೂ ಆಡ್ತಿಲ್ಲ. ಅದನ್ನ ಬರಿ ಅಣ್ಣನಿಗೆ."

ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಬೆಂಚಿನ ಮೇಲೆ ಇನ್ನೊಂದು ಚೀಟಿ ಕಂಡಿತು. ಆ ಕುರ್ಚಿಯ ಒಳಗೆ ಇಡಲು ಅಪ್ಪ ಬರೆದದ್ದು. ಹನ್ನೊಂದು ವರ್ಷದಿಂದ ನಮ್ಮಲ್ಲಿ ಯಾರೂ ಚೀಟಿ ಬರೆದಿಲ್ಲ. 'ಕಾಲು: ನಾನು. ಕವರು: ಸೂಜಿ ಅಕ್ಕ. ಸ್ಪ್ರಿಂಗ್:' ಎಂದಿದೆ. ಅದರ ಮುಂದೆ ಏನೂ ಬರೆದಿಲ್ಲ.

ನನ್ನ ಕೋರಿಕೆ ಒಂದೇ ದೊಡ್ಡಪ್ಪ. ಒಂದು ದಿನ ಬಂದು ಆ ಒಂದು ಕುರ್ಚಿ ಕಟ್ಟಿಕೊಡಿ. ಮೂವತ್ತಾರರ ಮಾತು ಆಮೇಲೆ. ಅಪ್ಪನೊಡನೆ ಮಾತಾಡಲೇಬೇಕೆಂದು ಇಲ್ಲ, ನಾನು ಪಕ್ಕದಲ್ಲಿ ನಿಂತು ಗಂಟು ಹಾಕುವುದನ್ನು ನೋಡುತ್ತೇನೆ. ಸುಮ್ಮನೆ ನಿಂತು ನೋಡುವುದು ನನಗೆ ಚೆನ್ನಾಗಿ ಬರುತ್ತದೆ. ಈ ಸಲ ಕೈಯಲ್ಲಿ ಹುರಿ ಹಿಡಿದೂ ಕಲಿಯುತ್ತೇನೆ. ಒಂದೊಂದಕ್ಕೆ ಎಂಟು ಎಂದಿದ್ದೀರಿ, ಎಣಿಸಲು ಬರುತ್ತದೆ.

ಬೇಡವಾದರೆ 'ಬೇಡ' ಎಂಬ ಒಂದು ಪದ ಸಾಕು, ಮತ್ತೆ ಬರೆಯುವುದಿಲ್ಲ. ಎಲ್ಲರಿಗೂ ಕೊಡುವ ಮಾತು, ನಿಮಗೂ ಅದೇ. ಆದರೆ ಉತ್ತರವೇ ಬರದಿದ್ದರೆ ಎಂಟನೇ ದಿನ ಇನ್ನೊಂದು ಮೇಲ್ ಬರಬೇಕಲ್ಲ, ಅದನ್ನು ನಾನು ಬರೆಯುವುದಿಲ್ಲ. ಆ ದಿನ ಅದೇ ಬಸ್ಸಿನಲ್ಲಿ ಬರುತ್ತೇನೆ. ತಂಗುದಾಣದಲ್ಲಿ ನಿಲ್ಲದೆ ರಸ್ತೆ ದಾಟುತ್ತೇನೆ. ಬಂದು ನಿಮ್ಮ ಅಂಗಡಿಯ ಗೋಡೆಗೆ ಅಂಟಿಕೊಂಡು ನಿಂತರೆ, ಏನೇ ಗೋಡೆಹಲ್ಲಿ, ಯಾವಾಗ ಬಂದೆ ಎಂದು ನೀವೇ ಮೊದಲು ಮಾತಾಡಿಸಬೇಕು. ಎರಡನೇ ಮಾತು ನಾನು ಆಡುತ್ತೇನೆ.

ಕೂತಲ್ಲಿ ನಿಮಗೆ ಸುಖವಾಗಿರಲಿ, ಕೈಗೆ ಎಂದೂ ನೋವು ಬಾರದಿರಲಿ.

ನಿಮ್ಮ ದಾರಿ ಕಾಯುತ್ತಾ,
ನಿಮ್ಮ ಗೋಡೆಹಲ್ಲಿ